ಬಲ್ಬು ಕುಣಿಸಿದ ಕೊಲುಸು

ಸೇಲಂನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ದಿನವಿಡೀ ಬೆಳ್ಳಿಯ ಕೊಲುಸಿಗೆ, ಅಂದರೆ ಕಾಲ್ಗೆಜ್ಜೆಗೆ, ಕೊಂಡಿ ಕೂಡಿಸುತ್ತ ಕೂರುತ್ತಿದ್ದರು. ಹೊಸದೇನು ಕಂಡರೂ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದು "ನೋಡೇ ಬಿಡಾನ" ಎನ್ನುತ್ತಿದ್ದರು. ಹಾಗೆಂದೇ ಒಮ್ಮೆ ಸಾರಿಗೆ ಸೀಬೆಹಣ್ಣು ಹಾಕಿ ಬೀದಿಯವರಿಗೆಲ್ಲ ಕುಡಿಸಿದ್ದರು.

ನನ್ನ ಮಗಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿದ್ದ ಬೆಳಿಗ್ಗೆ, ಅವಳು ರಟ್ಟಿನ ಮೇಲೆ ಜೋಡಿಸಿದ್ದ ಸರ್ಕ್ಯೂಟಿನ ವೈರು ತುಂಡಾಯಿತು. ಅಂಗಡಿಗಳಿನ್ನೂ ತೆರೆದಿರಲಿಲ್ಲ. ಅವಳ ಅಳು ಕೇಳಿ ಅಕ್ಕ ಬಂದರು.

"ವೈರೇ ಬೇಕಾ ಕಣ್ಣು?" ಎಂದು ಕೇಳಿದರು. ಮಕ್ಕಳನ್ನು ಅವರು ಮುದ್ದಿನಿಂದ ಕರೆಯುತ್ತಿದ್ದುದೇ 'ಕಣ್ಣು' ಎಂದು.

"ಕರೆಂಟು ಓಗಕ್ಕೆ ಯಾವ್ದಾದ್ರೂ ಲೋಹ ಬೇಕು ಅತ್ತೆ," ಎಂದಳು ಮಗಳು.

"ಬೆಳ್ಳೀನೂ ಲೋಹ ತಾನೆ? ನೋಡೇ ಬಿಡಾನ." ಅಕ್ಕ ತಮ್ಮ ಕಾಲಿನ ಕೊಲುಸನ್ನೇ ಬಿಚ್ಚಿ ಕೊಟ್ಟರು.

ಮಗಳು ಅದನ್ನು ಬ್ಯಾಟರಿಗೂ ಬಲ್ಬಿಗೂ ನಡುವೆ ಸಿಕ್ಕಿಸಿದಳು. ಬಲ್ಬು ಹತ್ತಿತು, ಆರಿತು, ಮತ್ತೆ ಹತ್ತಿತು. ಕೊಂಡಿಗಳು ಸಡಿಲವಾಗಿದ್ದವು. "ಕೆಟ್ಟೋಯ್ತು" ಎಂದು ಮಗಳು ಮುಖ ಸಣ್ಣದು ಮಾಡಿಕೊಂಡಳು. ಅಕ್ಕ ಕೊಲುಸನ್ನು ಮೆಲ್ಲಗೆ ಅಲ್ಲಾಡಿಸಿದರು. ಅದು ಝಲ್ ಎಂದಾಗಲೆಲ್ಲ ಬಲ್ಬು ಮಿನುಗಿತು.

"ಕೆಟ್ಟಿಲ್ಲ ಕಣ್ಣು, ಕುಣೀತಾ ಐತೆ. ಇಂಗೇ ತಕ್ಕೊಂಡೋಗು."

ಶಾಲೆಯಲ್ಲಿ ಮಕ್ಕಳೆಲ್ಲ ಅದನ್ನು ಅಲ್ಲಾಡಿಸಲು ಸಾಲುಗಟ್ಟಿದರು. ಕೊಂಡಿಗೆ ಕೊಂಡಿ ತಾಗಿದಾಗ ಮಾತ್ರ ಕರೆಂಟು ದಾಟುತ್ತದೆ ಎಂದು ಮಗಳು ಎಲ್ಲರಿಗೂ ತಮಿಳಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ಮಧ್ಯಾಹ್ನ ಕೊಲುಸು ಒಯ್ಯಲು ಅಕ್ಕ ಬಂದರು. ನಾನು ಅದನ್ನು ಬಿಚ್ಚಿಕೊಡಲು ಹೋದರೆ ಕೈ ಅಡ್ಡ ಮಾಡಿದರು.

"ಇರಮ್ಮ, ನನ್ ಸರದಿ ಬರ್ಲಿ," ಎಂದು ಮಕ್ಕಳ ಸಾಲಿನ ಕೊನೆಗೆ ಹೋಗಿ ನಿಂತರು.