ಹೊಲಿದು ಮುಚ್ಚಿದ ಕಿಂಡಿ

ನಮ್ಮ ಅಂಗಡಿಯಲ್ಲಿ ಹೊಲಿದ ತಾಡಪಾಲು ಸೋರಿತು ಎಂದು ಯಾವ ಲಾರಿ ಡ್ರೈವರೂ ತಿರುಗಿ ಬಂದದ್ದಿಲ್ಲ. ಈ ಮಾತನ್ನು ಎಷ್ಟೋ ಗಿರಾಕಿಗಳ ಮುಂದೆ ಎದೆಯುಬ್ಬಿಸಿ ಹೇಳಿದ್ದೇನೆ. ಈಗ ಹೇಳುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂದು ಬರೆಯಲು ಕುಳಿತಿದ್ದೇನೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಬರೆದು ಅಭ್ಯಾಸವಿಲ್ಲ.

ನಮ್ಮ ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಅಂಗಡಿ ಹೆದ್ದಾರಿಯ ಪಕ್ಕ, ಲಾರಿಗಳು ನಿಲ್ಲುವ ಕಡೆ. ಅಪ್ಪ ತೀರಿಕೊಂಡ ಮೇಲೆ ಅವರ ಹೊಲಿಗೆ ಮಷೀನಿನ ಮುಂದೆ ನಾನು ಕುಳಿತೆ, ತಂಗಿ ಓದಿದಳು. ಈಗ ಅವಳು ಹರಿಹರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಾಳೆ. ಮದುವೆ ಬೇಡ ಎಂದಿದ್ದಾಳೆ. ಆ ವಿಷಯ ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ.

ಅವಳಿಗೆ ಗುಡ್ಡ ಹತ್ತುವ ಹುಚ್ಚು ಯಾವಾಗ ಹಿಡಿಯಿತೋ ನನಗೆ ಗೊತ್ತಿಲ್ಲ. ಮೊದಲು ಬೇರೆಯವರ ಜೊತೆ ಹೋಗುತ್ತಿದ್ದಳು. ಆಮೇಲೆ ತಾನೇ ನಾಲ್ಕಾರು ಹೆಂಗಸರನ್ನು ಸೇರಿಸಿಕೊಂಡು ಹೋಗತೊಡಗಿದಳು. ಅರಣ್ಯ ಇಲಾಖೆಯ ಅನುಮತಿ, ಊರಿನವನೊಬ್ಬ ದಾರಿ ತೋರಿಸಲಿಕ್ಕೆ, ಬೆನ್ನಿಗೆ ಚೀಲ, ರೊಟ್ಟಿ, ಶೇಂಗಾ ಚಟ್ನಿ. ಶನಿವಾರ ಮಧ್ಯಾಹ್ನ ಶಿವಮೊಗ್ಗ ದಾಟಿ ಘಟ್ಟದ ಕಡೆ ಹೋದರೆ ಭಾನುವಾರ ರಾತ್ರಿ ಮನೆಗೆ. ಜೊತೆಗೆ ಬರುವವರೆಲ್ಲ ಸಂಸಾರಸ್ಥರು. ಎಂ.ಸಿ.ಸಿ. ಬಡಾವಣೆಯಿಂದ ಬರುತ್ತಿದ್ದ ಒಬ್ಬರಂತೂ ಬ್ಯಾಂಕಿನಿಂದ ನಿವೃತ್ತರಾದವರು, ಉಬ್ಬಸದ ತೊಂದರೆ ಇದ್ದವರು. "ನಿನ್ನ ಜೊತೆ ಆದ್ರೆ ನಮ್ಮನೇರು ಕಳಿಸ್ತಾರೆ ನೋಡು" ಎಂದು ಅವರು ತಂಗಿಗೆ ಹೇಳುತ್ತಿದ್ದರಂತೆ. ಈ ಮಾತು ಅವಳಿಗೆ ಸಂಬಳಕ್ಕಿಂತ ದೊಡ್ಡದಾಗಿತ್ತು.

ಒಂದು ಸಂಜೆ ಅವಳು ಒಂದು ಟೆಂಟನ್ನು ಅಂಗಡಿಗೆ ತಂದಳು. ನಾಲ್ಕು ಜನ ಮಲಗಬಹುದಾದದ್ದು, ಯಾರೋ ಬಳಸಿ ಬಿಟ್ಟದ್ದು. ನೆಲದ ಹೊಲಿಗೆ ಬಿಟ್ಟಿತ್ತು.

"ಅಣ್ಣಾ, ತಳ ಗಟ್ಟಿ ಮಾಡಿಕೊಡು. ಬರೋ ಶನಿವಾರ ಬೇಕು."

ನಾನು ಅದನ್ನು ಬಿಡಿಸಿ ನೋಡಿದೆ. ಮೇಲುಗಡೆ ಎರಡು ಕಿಂಡಿಗಳಿದ್ದವು, ಅವಕ್ಕೆ ಜಾಲರಿ. ಕಿಂಡಿಯ ಮೇಲೆ ಹೊರಗಿನಿಂದ ರೆಪ್ಪೆಯ ಹಾಗೆ ಬಟ್ಟೆಯ ಮುಚ್ಚಳ. ಅದನ್ನು ಎತ್ತಿ ಒಂದು ಸಣ್ಣ ಕಡ್ಡಿ ಕೊಟ್ಟು ನಿಲ್ಲಿಸಬೇಕು.

"ಇದೇನಿದು, ತೂತು ಇಟ್ಟೇ ಹೊಲಿದಾರಲ್ಲ" ಅಂದೆ.

"ಅದು ಉಸಿರಾಡಾಕೆ. ಅದ್ರ ಸುದ್ದಿಗೆ ನೀ ಹೋಗಬ್ಯಾಡ."

"ಮಳಿ ಬಂದ್ರೆ?"

"ಮಳಿ ಬಂದ್ರೆ ನೆನಿತೀವಿ. ನಾವೇನು ಈರುಳ್ಳಿ ಮೂಟೆನಾ ಕೊಳೆಯಾಕೆ?" ಎಂದು ನಕ್ಕು, ಮೊಬೈಲಿನಲ್ಲಿ ಹಿಂದಿನ ಸಲದ ಒಂದು ಫೋಟೋ ತೋರಿಸಿ ಹೋದಳು. ಕತ್ತಲಲ್ಲಿ ಒಂದು ಟೆಂಟು, ಒಳಗೆ ದೀಪ ಹಚ್ಚಿದ್ದರಿಂದ ಇಡೀ ಟೆಂಟು ಹೊಳೆಯುತ್ತಿತ್ತು. ಅವಳಿಗೆ ಅದು ಚೆಂದ ಕಂಡಿತ್ತು. ನನಗೆ ಕಂಡದ್ದು ಬಟ್ಟೆಯ ಮೇಲೆ ಮೂಡಿದ್ದ ಒಬ್ಬ ಹೆಂಗಸಿನ ನೆರಳು, ತಲೆ ಬಾಚಿಕೊಳ್ಳುತ್ತಿದ್ದದ್ದು.

ಅದನ್ನು ನಾನು ಮನಸ್ಸಿನಿಂದ ತೆಗೆಯಲಾರದೆ ಹೋದೆ. ಬಟ್ಟೆಯಲ್ಲೇ ಇಷ್ಟು ಕಂಡರೆ ಜಾಲರಿಯಲ್ಲಿ ಎಷ್ಟು ಕಾಣಬೇಕು? ದಾರಿ ತೋರಿಸುವವನು ಗಂಡಸು. ಕಾಡಿನಲ್ಲಿ ಯಾರು ಬರುತ್ತಾರೋ ಯಾರು ಹೋಗುತ್ತಾರೋ. ತಂಗಿಗೆ ಹೇಳಿದರೆ ನಗುತ್ತಾಳೆ, ಇಲ್ಲ ಜಗಳಕ್ಕೆ ಬರುತ್ತಾಳೆ. ನಾನು ತಳ ಗಟ್ಟಿ ಮಾಡಿದೆ. ಆಮೇಲೆ ಆ ಎರಡು ಮುಚ್ಚಳಗಳನ್ನು ಕೆಳಗೆ ಮಡಚಿ, ಕಡ್ಡಿಯನ್ನೂ ಒಳಗೇ ಸೇರಿಸಿ, ಅಂಚು ಬಿಡದೆ ಸುತ್ತ ಹೊಲಿದುಬಿಟ್ಟೆ. ಅದೇ ಬಣ್ಣದ ದಾರ. ಲಾರಿಯ ತಾಡಪಾಲಿಗೆ ಹಾಕುವ ಹಾಗೆ ಎರಡು ಸಾಲು. ಒಂದು ಹನಿ ಒಳಗೆ ಹೋಗುವುದಿಲ್ಲ, ಒಂದು ಕಣ್ಣೂ ಹೋಗುವುದಿಲ್ಲ ಎಂದು ನನ್ನೊಳಗೆ ಸಮಾಧಾನವಾಯಿತು. ಅವಳಿಗೆ ಹೇಳಲಿಲ್ಲ. ಎರಡು ಕಿಂಡಿ ಮುಚ್ಚಿದರೆ ಏನಾದೀತು ಎಂದುಕೊಂಡೆ. ಮೂಟೆಗಳು ಉಸಿರಾಡುವುದಿಲ್ಲ. ನಾನು ಹೊಲಿದು ಅಭ್ಯಾಸವಾಗಿದ್ದದ್ದು ಮೂಟೆಗಳಿಗೆ.

ಆ ಶನಿವಾರ ನಡೆದದ್ದನ್ನು ಆಮೇಲೆ ಅವಳ ಬಾಯಿಂದ ಕೇಳಿದೆ. ಕಾಡಿನ ದಾರಿ ಮುಗಿದು ಹುಲ್ಲಿನ ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಅಕಾಲದ ಮಳೆ ಹಿಡಿಯಿತು. ಗಾಳಿಗೆ ಬಟ್ಟೆ ನಿಲ್ಲದೆ, ಇಬ್ಬರು ಮೂಲೆ ಹಿಡಿದು, ಒಬ್ಬರು ಗೂಟ ಬಡಿದು ಹೇಗೋ ಟೆಂಟು ನಿಲ್ಲಿಸಿದರು. ಮಳೆ ಬಾಗಿಲ ಕಡೆಯಿಂದಲೇ ಬೀಸುತ್ತಿದ್ದದ್ದರಿಂದ ಜಿಪ್ ಪೂರಾ ಎಳೆದುಕೊಂಡು ನಾಲ್ವರೂ ಮಲಗಿದರು, ದಾರಿ ತೋರಿಸುವವನು ಹೊರಗೆ ಬಂಡೆಯ ಮರೆಗೆ. ಮಧ್ಯರಾತ್ರಿ ದಾಟುವಷ್ಟರಲ್ಲಿ ಒಳಗೆಲ್ಲ ನೀರು. ಅವರ ಉಸಿರೇ ಬಟ್ಟೆಗೆ ತಾಗಿ ಹನಿಯಾಗಿ ಮೈಮೇಲೆ ಬೀಳುತ್ತಿತ್ತು. ಹೊದ್ದುಕೊಂಡದ್ದು ಹಿಂಡಿದರೆ ಸುರಿಯುವ ಹಾಗಾಯಿತು. ಬ್ಯಾಂಕಿನವರು ಎದ್ದು ಕುಳಿತು ಎದೆ ಹಿಡಿದುಕೊಂಡರು. ಉಬ್ಬಸದ ಪಂಪು ಎಳೆದುಕೊಂಡರೂ ಉಸಿರು ಸಿಗಲಿಲ್ಲ. ಬಾಗಿಲು ತೆರೆದು ಅವರನ್ನು ಮಳೆಗೇ ಕರೆದುಕೊಂಡು ಬಂದು, ಬ್ಯಾಟರಿ ಬೆಳಕಿನಲ್ಲಿ ಜಾರುವ ದಾರಿಯಲ್ಲಿ ಕೈ ಹಿಡಿದು ಇಳಿಸಿ, ದಾರಿ ತೋರಿಸುವವನ ಮನೆ ಮುಟ್ಟಿದಾಗ ಬೆಳಗಾಗುತ್ತಿತ್ತು. ಅಲ್ಲಿಂದ ಆಸ್ಪತ್ರೆ. ಅವರು ಉಳಿದುಕೊಂಡರು. ಎರಡು ದಿನ ಮಲಗಿದ್ದು ಮನೆಗೆ ಬಂದರು.

ತಂಗಿ ಒದ್ದೆ ಟೆಂಟನ್ನು ಉಂಡೆ ಮಾಡಿ ನನ್ನ ಮುಂದೆ ಇಟ್ಟಳು. ಮುಖ ಸಪ್ಪಗಾಗಿತ್ತು.

"ಒಣಗ್ಸು ಅಣ್ಣಾ. ಎಲ್ಲಿ ಸೋರೇತೆ ನೋಡು. ನಾಳಿ ಶಾಲಿ ಮುಗಿಸಿ ಬರ್ತೀನಿ."

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅವಳು ಹೋದ ಮೇಲೆ ಅಂಗಡಿಯ ಅರ್ಧ ಬಾಗಿಲು ಎಳೆದು, ಬ್ಲೇಡು ತೆಗೆದುಕೊಂಡು, ಆ ಎರಡು ಸಾಲು ಹೊಲಿಗೆಯನ್ನೂ ಬಿಚ್ಚಿದೆ. ದಾರದ ಚೂರುಗಳನ್ನು ಒಂದೊಂದಾಗಿ ಹೆಕ್ಕಿದೆ. ಕಡ್ಡಿಗಳನ್ನು ನೆಟ್ಟಗೆ ಮಾಡಿದೆ. ಹೊಲಿದದ್ದು ತಿಳಿಯದೆ ಮಾಡಿದ ತಪ್ಪು ಎಂದಾದರೂ ಅನ್ನಬಹುದು. ಬಿಚ್ಚಿದ್ದು ತಿಳಿದೇ ಮಾಡಿದ್ದು.

ಮರುದಿನ ಅವಳು ಬಂದು, ಒಣಗಲು ಹಾಸಿದ್ದ ಟೆಂಟಿನ ಸುತ್ತ ತಿರುಗಿದಳು. ಒಂದೇ ಬೆರಳಿನಿಂದ ಮುಚ್ಚಳ ಎತ್ತಿದಳು. ಅದು ಎದ್ದಿತು. ಬಿಟ್ಟಳು. ಮತ್ತೆ ಎತ್ತಿದಳು.

"ಎದ್ದೇಳ್ತೈತಲ್ಲ ಇದು" ಅಂದಳು, ನನಗಲ್ಲ, ತನಗೇ.

"ಮಳಿಯಾಗ ಅವಸರ ಆಗಿರ್ತೈತಿ. ಎತ್ತಾಕ ಮರ್ತಿರಬೇಕು ನೀನು" ಅಂದೆ.

ಅವಳು ನನ್ನ ಕಡೆ ನೋಡಿ, ಹೌದೇನೋ ಎನ್ನುವ ಹಾಗೆ ತಲೆಯಾಡಿಸಿದಳು.

ಆ ರಾತ್ರಿಯೇ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಬರೆದಳು, ಕಿಂಡಿ ತೆರೆಯುವುದನ್ನು ತಾನು ಮರೆತೆ, ತಪ್ಪು ತನ್ನದು ಎಂದು. ಯಾರೂ ಬೈಯಲಿಲ್ಲ. ಕೈ ಮುಗಿದ ಚಿತ್ರ ಹಾಕಿದರು, ಅಷ್ಟೆ. ಆದರೆ ಬ್ಯಾಂಕಿನವರ ಮನೆಯ ಯಜಮಾನರು ನಮ್ಮ ಮನೆಗೆ ಬಂದರು. ಅವ್ವ "ಕೂಡ್ರಿ, ಚಾ ಕುಡಿರಿ" ಎಂದರೆ ಕೂಡಲಿಲ್ಲ.

"ಮಕ್ಕಳಿಗೆ ಆಟ ಆಡಿಸಿದಂಗಲ್ಲಮ್ಮ ಇದು. ನಂಬಿ ಕಳಿಸಿದ್ವಿ."

"ತಪ್ಪಾತು ಸರ್."

"ತಪ್ಪಾತು ಅಂದ್ರೆ ಮುಗೀತಾ?"

ನಾನು ಬಾಗಿಲ ಪಕ್ಕ ನಿಂತಿದ್ದೆ. ಅಣ್ಣನಾದವನು ತಂಗಿಯ ಪರ ಒಂದು ಮಾತು ಆಡಬೇಕು ಎಂದು ಅವ್ವ ನನ್ನ ಮುಖ ನೋಡುತ್ತಿದ್ದಳು. ನಾನು ಚಪ್ಪಲಿ ನೋಡುತ್ತಿದ್ದೆ.

ತಂಗಿ ಗುಂಪು ಬಿಟ್ಟಳು. ಶನಿವಾರ ಮಧ್ಯಾಹ್ನ ಬಂದು ಊಟ ಮಾಡಿ ಟೀವಿ ಮುಂದೆ ಕೂರತೊಡಗಿದಳು. ಕಾಡಿನ ಬೂಟುಗಳು ಅಟ್ಟಕ್ಕೆ ಹೋದವು. "ದೇವರು ಬುದ್ಧಿ ಕೊಟ್ಟ" ಎಂದು ಅವ್ವ ಒಳಗೊಳಗೇ ಖುಷಿಪಟ್ಟಳು. ತಂಗಿಯಲ್ಲಿ ಇನ್ನೊಂದು ಬದಲಾವಣೆ ಬಂದಿತ್ತು, ಅದು ಅವ್ವನಿಗೆ ಕಾಣಲಿಲ್ಲ. ಗ್ಯಾಸ್ ಆರಿಸಿದೆನಾ ಎಂದು ಎದ್ದು ಹೋಗಿ ನೋಡುವಳು. ಬೀಗ ಹಾಕಿ ಬೀದಿಯ ತುದಿಗೆ ಹೋದವಳು ತಿರುಗಿ ಬಂದು ಎಳೆದು ನೋಡುವಳು.

ಬೇಸಿಗೆಯಲ್ಲಿ ಒಂದು ದಿನ ಟೆಂಟನ್ನು ಮತ್ತೆ ಅಂಗಡಿಗೆ ತಂದಳು.

"ಇದನ್ನ ಕತ್ತರಿಸಿ ಸ್ಕೂಟಿಗೆ ಒಂದು ಕವರ್ ಹೊಲಿ. ಉಳಿದದ್ದು ಅವ್ವ ಹಪ್ಪಳ ಒಣಗ್ಸಾಕೆ ಇಟ್ಕೊಳ್ಳಲಿ."

ನೆಲದ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಹಿಡಿದೆ. ಬಾಗಿಲಿನಿಂದ ಬಿಸಿಲು ಬೀಳುತ್ತಿತ್ತು. ಬಟ್ಟೆ ಎತ್ತಿದರೆ ಮುಚ್ಚಳದ ಸುತ್ತ ನನ್ನ ಸೂಜಿಯ ತೂತುಗಳು ಎರಡು ಸಾಲಾಗಿ ಬೆಳಕಿಗೆ ಹೊಳೆದವು. ದಾರ ಬಿಚ್ಚಬಹುದು, ತೂತು ಮುಚ್ಚಲಿಕ್ಕೆ ಬರುವುದಿಲ್ಲ. ಇದನ್ನು ಗಿರಾಕಿಗಳಿಗೆ ನಾನೇ ಎಷ್ಟು ಸಲ ಹೇಳಿಲ್ಲ. ಕತ್ತರಿ ಹಾಕಿದರೆ ಅವೂ ಹೋಗುತ್ತಿದ್ದವು, ಆಮೇಲೆ ಕೇಳುವವರು ಯಾರೂ ಇರುತ್ತಿರಲಿಲ್ಲ. ಅದಕ್ಕೇ ಕೈ ಏಳಲಿಲ್ಲ.

ಟೆಂಟು ಮಡಚಿ ಮನೆಗೆ ಹೊತ್ತು ತಂದೆ. ಅವಳು ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಬಿಸಿಲಿಗೆ ಹಿಡಿದು ತೂತು ತೋರಿಸಿದೆ.

"ಇದು ನನ್ನ ಹೊಲಿಗಿ. ಹೊಲಿದಿದ್ದೆ, ಹೊರಗಿಂದ ಯಾರೂ ನೋಡಬಾರದು ಅಂತ. ನೀನು ಬಂದು ಕೊಟ್ಟ ಮೇಲೆ ಬಿಚ್ಚಿದೆ."

ಅವಳು ತೂತುಗಳ ಮೇಲೆ ಬೆರಳಾಡಿಸಿದಳು. ಬೈಯುತ್ತಾಳೆ ಎಂದು ಕಾದೆ.

"ನಾನು ಎಳದಿದ್ದೆ" ಅಂದಳು. "ಅವತ್ತು ಮಳಿಯಾಗ ಎರಡು ಸಲ ಎಳದಿದ್ದೆ. ಬರಲಿಲ್ಲ. ಒದ್ದಿ ಆಗಿ ಅಂಟಿಕೊಂಡೈತಿ ಅನ್ಕೊಂಡೆ. ಆಮ್ಯಾಲೆ ಅಂಗಡ್ಯಾಗ ನೋಡಿದ್ರೆ ಒಂದು ಬೆರಳಿಗೆ ಎದ್ದೇಳ್ತು. ಎಳದಿದ್ದೆ ಅನ್ನೋದು ನಂದೇ ಸುಳ್ಳು ಅನ್ಕೊಂಡೆ. ಇಷ್ಟು ದಿನ."

ಅವಳ ಹೆಸರು ಕೆಡಿಸಿದೆ ಎಂದಷ್ಟೇ ನಾನು ತಿಳಿದಿದ್ದೆ. ಅವಳ ಕೈಯನ್ನು ಅವಳೇ ನಂಬದ ಹಾಗೆ ಮಾಡಿದ್ದೆ.

"ನನಗ ಹೇಳಿದ್ದು ಸಾಲದು" ಎಂದಳು. "ಅವರಿಗೆ ಹೇಳು. ನಾ ಬರಂಗಿಲ್ಲ."

ಮರುದಿನ ಎಂ.ಸಿ.ಸಿ. ಬಡಾವಣೆಗೆ ಒಬ್ಬನೇ ಹೋದೆ. ಯಜಮಾನರು ಸಿಟ್ಟಾದರು, ಆಗಬೇಕಾದದ್ದೇ. ಬ್ಯಾಂಕಿನವರು ಮಾತ್ರ ಕುರ್ಚಿಯಲ್ಲಿ ಕುಳಿತು ಪೂರಾ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ನಮ್ಮನೇರು ನಿಮ್ಮನೆಗೆ ಬಂದು ಆಕಿಗೆ ಬೈದಾಗ ನೀವು ಅಲ್ಲೇ ಇದ್ರೇನು?"

"ಇದ್ದೆ ರೀ."

ಅವರು ಎದ್ದು ಒಳಗೆ ಹೋದರು.

ವಿಷಯ ತಿಳಿದ ಗುಂಪಿನವರು ಮತ್ತೆ ಬಾ ಎಂದು ತಂಗಿಗೆ ಫೋನು ಮಾಡಿದರು. ಅವಳು ಕೂಡಲೇ ಒಪ್ಪಲಿಲ್ಲ. ಮೊದಲು ಟೆಂಟು ನೋಡಬೇಕು, ಅದರಲ್ಲಿ ತಾನು ಮಲಗಿ ಎದ್ದ ಮೇಲೆ ಬೇರೆಯವರನ್ನು ಕರೆದೊಯ್ಯುವುದು ಎಂದಳು. ತೂತುಗಳಿಗೆ ಗೋಂದು ಹಚ್ಚಿಕೊಡುತ್ತೇನೆ ಅಂದೆ. ಬೇಡ ಎಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ತಾನೇ ಹಚ್ಚಿದಳು. ನನಗೆ ಬಟ್ಟೆಯ ತುದಿ ಹಿಡಿಯುವ ಕೆಲಸ. ಅದು ಒಣಗಿದ ಮೇಲೆ, "ನೀನೂ ಬಾ. ಒಂದ್ ರಾತ್ರಿ ಮಲಗಿ ನೋಡು" ಅಂದಳು. ಕರೆದದ್ದೋ, ಶಿಕ್ಷೆಯೋ ನನಗೆ ತಿಳಿಯಲಿಲ್ಲ.

ಅದೇ ಗುಡ್ಡ, ಅದೇ ದಾರಿ ತೋರಿಸುವವನು. ಮಷೀನಿನ ಮುಂದೆ ಕುಳಿತೇ ಬೆಳೆದ ಕಾಲು ನನ್ನದು. ಕಾಡಿನ ಏರಿನಲ್ಲಿ ಬೇರು ಹಿಡಿದು, ಅಲ್ಲಲ್ಲಿ ಕುಳಿತು ಹತ್ತಿದೆ. ಅವರಿಬ್ಬರೂ ಮುಂದೆ ಹೋಗಿ ನಿಂತು ಕಾಯುತ್ತಿದ್ದರು. ಆತ ಕೆಳಗೆ ಬಗ್ಗಿ ನನ್ನ ಚೀಲವನ್ನೂ ತಾನೇ ತಗಲಿಸಿಕೊಂಡ. ಇವನ ಕಣ್ಣಿಗೆ ಹೆದರಿ ನಾನು ಕಿಂಡಿ ಮುಚ್ಚಿದ್ದು. ಆ ಮಳೆಯ ರಾತ್ರಿ ಬ್ಯಾಂಕಿನವರನ್ನು ಹೆಚ್ಚಿನ ದಾರಿ ಬೆನ್ನಮೇಲೆ ಹೊತ್ತು ಇಳಿಸಿದವನು ಇವನೇ ಎಂದು ತಂಗಿ ಆಗ ಹೇಳಿದಳು. ಅಲ್ಲಿಯವರೆಗೆ ಹೇಳಿರಲಿಲ್ಲ.

ಸಂಜೆ ಹುಲ್ಲಿನ ಗುಡ್ಡದ ಬುಡದಲ್ಲಿ ಟೆಂಟು ನಿಲ್ಲಿಸಿದೆವು. ಗೂಟ ಬಡಿಯುವುದು ನನ್ನ ಪಾಲಿಗೆ ಬಂತು. ಅವಳು ಒಳಗೆ ದೀಪ ಹಚ್ಚಿದಾಗ ನಾನು ಹೊರಗೆ ಸುತ್ತ ತಿರುಗಿ ನೋಡಿದೆ. ಕಿಂಡಿ ಇದ್ದದ್ದು ತಲೆಯ ಮೇಲೆ. ಮುಚ್ಚಳ ಎತ್ತಿದ್ದರೂ ಯಾವ ಕಡೆಯಿಂದ ಬಗ್ಗಿದರೂ ಒಳಗಿನದು ಏನೂ ಕಾಣುತ್ತಿರಲಿಲ್ಲ. ಅಂಗಡಿಯಲ್ಲಿ ನೆಲದ ಮೇಲೆ ಹಾಸಿಕೊಂಡು ಹೊಲಿದಿದ್ದೆನಲ್ಲ, ಒಂದು ಸಲ ನಿಲ್ಲಿಸಿ ನೋಡಿದ್ದರೆ ಸಾಕಿತ್ತು.

ನಾವಿಬ್ಬರೂ ಚಿಕ್ಕವರಿದ್ದಾಗಿನ ಹಾಗೆ ಒಂದೊಂದು ಪಕ್ಕಕ್ಕೆ ಮಲಗಿದೆವು. ಮೇಲಿನಿಂದ ಸಣ್ಣಗೆ ಗಾಳಿ ಮುಖಕ್ಕೆ ತಾಗುತ್ತಿತ್ತು. ನನಗೆ ನಿದ್ದೆ ಬರಲಿಲ್ಲ, ಅವಳಿಗೂ ಬಂದಿರಲಿಲ್ಲ ಎಂದು ಕಾಣುತ್ತದೆ.

ಬೆಳಿಗ್ಗೆ ಹೊರಗೆಲ್ಲ ಮಂಜು. ಅವಳು ಒಳಬದಿಯ ಬಟ್ಟೆಯ ಮೇಲೆ ಅಂಗೈ ಸವರಿ ನೋಡಿಕೊಂಡಳು. "ಒಣಗೇ ಐತೆ" ಅಂದಳು. ಹೊರಗೆ ನಿಂತು ಆ ವಿಷಯವನ್ನು ಯಾರಿಗೋ ಫೋನಿನಲ್ಲಿ ಹೇಳಲು ನೋಡಿದಳು, ಸಿಗ್ನಲ್ ಸಿಗಲಿಲ್ಲ.

ಈಗ ಅವಳು ಮತ್ತೆ ಹೋಗುತ್ತಾಳೆ. ಇಬ್ಬರು ಬರುತ್ತಾರೆ. ಬ್ಯಾಂಕಿನವರು ಇನ್ನೂ ಬಂದಿಲ್ಲ. ಟೆಂಟಿನ ಹೊಲಿಗೆ ಎಲ್ಲಾದರೂ ಬಿಟ್ಟರೆ ನನಗೇ ತಂದುಕೊಡುತ್ತಾಳೆ, ಬೇರೆ ಕಡೆ ಕೊಡುವುದಿಲ್ಲ. ನಾನು ಹೊಲಿದು ಮಡಚಿ ಕೊಟ್ಟರೆ ಅಲ್ಲೇ ನನ್ನ ಎದುರಿಗೇ ಪೂರಾ ಬಿಡಿಸಿ, ಎರಡೂ ಮುಚ್ಚಳಗಳ ಒಳಗೆ ಕೈ ಹಾಕಿ ಎತ್ತಿ ನೋಡಿ, ಆಮೇಲೆ ತೆಗೆದುಕೊಂಡು ಹೋಗುತ್ತಾಳೆ. ಅವಳು ನೋಡಿ ಮುಗಿಸುವವರೆಗೆ ನಾನು ಮಷೀನು ನಿಲ್ಲಿಸಿ ಕಾಯುತ್ತೇನೆ.