ಡಿಕಾಕ್ಷನ್ ಬಣ್ಣದ ಟೈಟ್ಸು

ಅಂಜು, ನಿನ್ನ ಬ್ಯಾಲೆ ನಿಲ್ಲಿಸಿದವರು ನಿಮ್ಮಪ್ಪ ಎಂದು ಮೂವತ್ತು ವರ್ಷಗಳಿಂದ ನಂಬಿಕೊಂಡಿದ್ದೀಯ. ನಿಲ್ಲಿಸಿದವಳು ನಾನು. ನಿನ್ನ ಲಲಿತಾ ಆಂಟಿ — ನಿಮ್ಮಮ್ಮ ತೀರಿಕೊಂಡ ಮೇಲೆ ನಿನಗೆ ಜಡೆ ಹಾಕಿದವಳು, ಊಟಕ್ಕೆ ಕರೆದವಳು, "ನಮ್ಮ ಅಂಜು" ಎಂದು ಹತ್ತು ಜನರ ಮುಂದೆ ಮೆರೆಸಿದವಳು. ಒಂದು ಮಾತು ಹೇಳಲೇಬೇಕಾದ ಕಡೆ ಹೇಳದೆ ಸರಿದುಹೋದೆ. ನಾನು! ವಟಗುಟ್ಟದೆ ಒಂದು ಲೋಟ ನೀರೂ ಕುಡಿಯದ ಹೆಂಗಸು.

ಆಗ ನಾವೆಲ್ಲ ಊರು ಬಿಟ್ಟು ಈ ದೇಶಕ್ಕೆ ಬಂದು ಥಾರ್ನ್‌ಕ್ಲಿಫ್ ಪಾರ್ಕಿನ ಒಂದೇ ಕಟ್ಟಡದಲ್ಲಿದ್ದೆವು. ನೀನು, ನನ್ನ ಮಗಳು ಕವಿತಾ, ಇಬ್ಬರೂ ಆಗಷ್ಟೇ ಹೈಸ್ಕೂಲು ಹತ್ತಿದವರು. ಶನಿವಾರ ಒಟ್ಟಿಗೇ ಬ್ಯಾಲೆ ಕ್ಲಾಸಿಗೆ ಹೋಗುತ್ತಿದ್ದಿರಿ. ಅದು ಲೆಗ್ ವಾರ್ಮರ್‌ಗಳ ಕಾಲ. ಬೇಸಿಗೆಯಲ್ಲೂ ಮೊಣಕಾಲಿನ ಕೆಳಗೆ ಉಣ್ಣೆಯ ಸುರುಳಿ, ಮೈಗಂಟಿಕೊಂಡು ಮಿರಿಮಿರಿ ಮಿಂಚುವ ಲಿಯೊಟಾರ್ಡು, ಜುಟ್ಟಿಗೆ ಇಷ್ಟು ದೊಡ್ಡ ಬಟ್ಟೆಯ ಸ್ಕ್ರಂಚಿ. ಕವಿತಾಗೆ ಆ ಬಟ್ಟೆಗಳ ಮೇಲೆ ಆಸೆ. ನಿನಗೆ ಕುಣಿತದ ಮೇಲೆ. ಅದು ಟೀಚರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವರ್ಷದ ಪ್ರದರ್ಶನದಲ್ಲಿ ಒಬ್ಬಳೇ ಕುಣಿಯುವ ಭಾಗ ನಿನಗೆ ಸಿಕ್ಕಿತು. ಕವಿತಾ ಹಿಂದಿನ ಸಾಲಿನಲ್ಲಿ. ಹೊಟ್ಟೆ ಉರಿಯಿತು ಕಣೇ — ಸೊಗಸಾಗಿ ಹೇಳಲು ಬೇರೆ ಪದ ಹುಡುಕುವುದಿಲ್ಲ. ಆದರೂ ನಿನ್ನ ಟುಟು, ಸೊಂಟದ ಸುತ್ತ ತಟ್ಟೆಯಂತೆ ನಿಲ್ಲುವ ಆ ಗಿಡ್ಡ ನೆಟ್ ಲಂಗ, ಹೊಲಿದುಕೊಟ್ಟವಳು ನಾನೇ. ಅಂಗಡಿಯಲ್ಲಿ ಟೈಟ್ಸು, ಸೊಂಟದಿಂದ ಪಾದದವರೆಗೆ ಕಾಲಿಗಂಟಿಕೊಳ್ಳುವ ಆ ತೆಳು ಉಡುಪು, ಸಿಗುತ್ತಿದ್ದದ್ದು ಒಂದೇ ಬಣ್ಣದಲ್ಲಿ, ಗುಲಾಬಿ. ಅದನ್ನೇ ಅಂಗಡಿಯವಳು ಮೈಬಣ್ಣ ಎಂದು ಕೊಟ್ಟಳು. ನೀನು ತೊಟ್ಟು ಕನ್ನಡಿಯ ಮುಂದೆ ನಿಂತು ಮುಖ ಸಣ್ಣ ಮಾಡಿಕೊಂಡೆ.

"ಆಂಟಿ, ದೀಸ್ ಆರ್ ಸಮ್‌ಬಡಿ ಎಲ್ಸಸ್ ಲೆಗ್ಸ್. ನಂದಲ್ಲ."

"ಅಷ್ಟೇ ತಾನೆ? ಬಿಚ್ಚಿ ಕೊಡು ಈ ಕಡೆ," ಎಂದೆ. ಗಟ್ಟಿ ಡಿಕಾಕ್ಷನ್ ಇಳಿಸಿ, ಬಕೆಟ್ಟಿಗೆ ಸುರಿದು, ಟೈಟ್ಸನ್ನು ನೆನೆಹಾಕಿದೆ. ನಿನ್ನ ಕೈ ಪಕ್ಕಕ್ಕಿಟ್ಟು ಹೋಲಿಸಿ ನೋಡಿ, ಸಾಲದು ಎಂದು ಮತ್ತೆ ಅದ್ದಿದೆ. ಮನೆಯೆಲ್ಲ ಕಾಫಿಯ ಘಮ. ಒಣಗಿದ ಮೇಲೆ ನೀನು ತೊಟ್ಟಾಗ ಟೈಟ್ಸು ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ನೀನು ನನ್ನನ್ನು ತಬ್ಬಿಕೊಂಡೆ. ಅಲ್ಲಿಯತನಕ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ — ಇದನ್ನು ನಂಬು ಎನ್ನುವ ಹಕ್ಕು ನನಗಿಲ್ಲ, ಆದರೂ —

ರಿಹರ್ಸಲ್‌ನಲ್ಲಿ ನಿನ್ನ ಫೋಟೋ ತೆಗೆದೆ. ಒಂದು ಕಾಲೂರಿ, ಇನ್ನೊಂದನ್ನು ಹಿಂದಕ್ಕೆ ಚಾಚಿ ನಿಂತಿದ್ದೀಯ. ಫೋಟೋ ತೊಳೆಸಿ ತಂದು ನೋಡಿದರೆ ತೊಡೆಯಿಂದ ಹಿಮ್ಮಡಿಯವರೆಗೆ ಬಟ್ಟೆಯಿಲ್ಲದ ಕಾಲು ಎಂದೇ ಕಾಣುತ್ತಿತ್ತು. ಆಗ ಬಂತು ಆ ಯೋಚನೆ. ಬಂದದ್ದನ್ನು ನಾನು ಓಡಿಸಲಿಲ್ಲ.

ಆ ಭಾನುವಾರ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನಿಮ್ಮಪ್ಪ ದೇಸಾಯರು ಧಾರವಾಡದ ಸಂಭಾವಿತರು. ಶನಿವಾರವೂ ಅವರಿಗೆ ಶಿಫ್ಟು, ನಿನ್ನ ಕ್ಲಾಸಿನ ಕಡೆ ತಲೆ ಹಾಕಿದವರಲ್ಲ. ಬ್ಯಾಲೆ ಎಂದರೆ ಉದ್ದ ಬಿಳಿ ಲಂಗದ ಕುಣಿತ ಎಂದಷ್ಟೇ ತಿಳಿದುಕೊಂಡಿದ್ದರು. ಸಜ್ಜಿಗೆ ಹಂಚುತ್ತ, ಗಂಡಸರೆಲ್ಲ ಕುಳಿತಿದ್ದ ಕಡೆ, ಆ ಫೋಟೋ ಅವರ ಕೈಗಿಟ್ಟೆ.

"ನೋಡಿ ರಾಯರೇ, ನಿಮ್ಮ ಮಗಳು ಎಷ್ಟು ಚೆನ್ನಾಗಿ ಕಾಣ್ತಾಳೆ!"

ಪಕ್ಕದವರು ಬಗ್ಗಿ ನೋಡಿದರು. ಯಾರೋ ಕೆಮ್ಮಿದರು. ನಿಮ್ಮಪ್ಪನ ಕಿವಿ ಕೆಂಪಾಯಿತು.

"ಕಾಲಿಗೆ ಅರಿವಿ ಇಲ್ಲೇನ್ರೀ ಇದಕ್ಕ?" ಎಂದು ಮೆಲ್ಲಗೆ ನನ್ನನ್ನೇ ಕೇಳಿದರು.

ಇದೆ ರಾಯರೇ, ನಾನೇ ಬಣ್ಣ ಕಟ್ಟಿದ್ದು — ಇಷ್ಟು ಹೇಳಿದ್ದರೆ ಎಲ್ಲರೂ ನಕ್ಕುಬಿಡುತ್ತಿದ್ದರು. ನಾನು, "ಬ್ಯಾಲೆ ಅಂದ್ರೆ ಹಂಗೇ ಅಲ್ವಾ, ಈ ದೇಶದಲ್ಲಿ ಯಾರೂ ತಪ್ಪು ತಿಳಿಯಲ್ಲ ಬಿಡಿ," ಎಂದು ಇನ್ನಷ್ಟು ಸಜ್ಜಿಗೆ ತರಲು ಒಳಗೆ ಹೋದೆ.

ಬೆಳೆದ ಮಗಳ ಹತ್ತಿರ ತೊಡೆಯ ಮಾತೆತ್ತುವ ಗಂಡಸಲ್ಲ ಅವರು. ನಿಮ್ಮಮ್ಮ ಇದ್ದಿದ್ದರೆ ಆಕೆಯ ಬಾಯಲ್ಲಿ ಕೇಳಿಸುತ್ತಿದ್ದರು, ನೀನು ನಿಜ ಹೇಳುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಆಕೆ ಇರಲಿಲ್ಲ. "ಸಾಕು ಕುಣಿದದ್ದು" ಎಂದಷ್ಟೇ ಅಂದರಂತೆ. ಯಾಕೆ ಎಂದು ನೀನು ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲವಂತೆ. ನೀನು ನನ್ನ ಅಡುಗೆಮನೆಗೆ ಬಂದು ಬಿಕ್ಕಿಬಿಕ್ಕಿ ಅತ್ತೆ. ನಾನು ಬೆನ್ನು ಸವರಿದೆ. ಬಾಯಿ ಬೆಲ್ಲ, ಕರುಳು ಕತ್ತರಿ ಅಂತಾರಲ್ಲ, ಥೂ, ಅದು ನಾನೇ. ನಿನ್ನ ಭಾಗ ಕವಿತಾಗೆ ಬಂತು. ಟುಟುವನ್ನು ಸೊಂಟದ ಹತ್ತಿರ ಬಿಚ್ಚಿ ಅವಳ ಅಳತೆಗೆ ಹೊಲಿದೆ. ಮರುವರ್ಷ ಅವಳು ಬೇಸರವೆಂದು ಕ್ಲಾಸೇ ಬಿಟ್ಟಳು. ನೀನು ಹದಿನೆಂಟು ತುಂಬಿದ್ದೇ ವ್ಯಾಂಕೂವರಿಗೆ ಹೊರಟುಹೋದೆ. ಆಮೇಲೆ ಅಪ್ಪನ ಜೊತೆ ಹಬ್ಬಕ್ಕೊಂದು ಫೋನು, ಅಷ್ಟೇ.

ಇಷ್ಟೇ ಆಗಿದ್ದರೆ, ಯಾವುದೋ ಕಾಲದ ಹೊಟ್ಟೆಕಿಚ್ಚು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆನೋ ಏನೋ. ಇನ್ನೊಂದಿದೆ.

ನಾನೀಗ ಮೆಡೋವೇಲ್‌ನಲ್ಲಿ ಕವಿತಾ ಮನೆಯಲ್ಲಿರುವುದು ನಿನಗೆ ಗೊತ್ತು. ವುಡ್‌ಬ್ರಿಡ್ಜಿನಲ್ಲಿ ಒಬ್ಬರೇ ಇದ್ದ ನಿಮ್ಮಪ್ಪನಿಗೆ ಆಗಾಗ ಸಾರು, ಪಲ್ಯ ಒಯ್ಯುತ್ತಿದ್ದೆ. ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಹೋದಾಗ ಟಿವಿಯಲ್ಲಿ ಬ್ಯಾಲೆ ಬರುತ್ತಿತ್ತು. ನಮ್ಮ ಬಣ್ಣದವಳೇ ಒಬ್ಬಳು ಹುಡುಗಿ ಕುಣಿಯುತ್ತಿದ್ದಳು. ಹತ್ತಿರದಿಂದ ತೋರಿಸಿದಾಗ ಮೊಣಕಾಲಿನ ಹಿಂದೆ ಟೈಟ್ಸಿನ ಸಣ್ಣ ನೆರಿಗೆ ಕಂಡಿತು. ದೇಸಾಯರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಲಲಿತಾಬಾಯಿ, ಈ ಹುಡುಗಿ ಕಾಲಿಗೆ ಏನೋ ಹಾಕ್ಕೊಂಡಾಳಲ್ರೀ. ಮೈಬಣ್ಣದ್ದೇ ಅದ. ನಮ್ಮ ಅಂಜೂನೂ ಅವತ್ತ ಹಿಂಗ ಹಾಕ್ಕೊಂಡಿದ್ಳೇನು?"

ನಾನು ಸಾರಿನ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. "ಅಯ್ಯೋ, ಯಾವ ಕಾಲದ ಮಾತು ರಾಯರೇ! ನಂಗೆಲ್ಲಿ ನೆನಪಿರತ್ತೆ?"

"ಹಾಕ್ಕೊಂಡಿದ್ರ ನಾ ಆಕೀಗೆ ಫೋನ್ ಮಾಡಬೇಕಾಗ್ತದ. ತಪ್ಪಾತವ್ವಾ ಅನಬೇಕಾಗ್ತದ." ಫೋನು ಕೈಯಲ್ಲೇ ಇತ್ತು. ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಡಬ್ಬಿಯ ಮುಚ್ಚಳ ತೆಗೆದು, "ಸಾರು ಆರಿಹೋಗತ್ತೆ, ಏಳಿ," ಎಂದೆ. ಅವರು ಫೋನನ್ನು ಮೇಜಿನ ಮೇಲಿಟ್ಟು ತಟ್ಟೆ ಎಳೆದುಕೊಂಡರು.

ಯಾಕೆ ಹಾಗೆ ಮಾಡಿದೆ — ಆಗ ಯಾವ ಪೈಪೋಟಿಯೂ ಇರಲಿಲ್ಲ, ಕಿಚ್ಚೂ ಇರಲಿಲ್ಲ. ಆ ಮನುಷ್ಯನ ಕಣ್ಣಿನಲ್ಲಿ ಕೆಟ್ಟವಳಾಗುವುದು ಬೇಡವಾಗಿತ್ತು. ಅಷ್ಟಕ್ಕೇ.

ಏಪ್ರಿಲ್‌ನಲ್ಲಿ ಅವರು ಹೋದರು. ಅಂತ್ಯಕ್ರಿಯೆ ಮುಗಿದ ಮೇಲೆ ನೀನು ಕೋಟಿನ ಗುಂಡಿ ಹಾಕಿಕೊಳ್ಳುತ್ತ ನನ್ನ ಹತ್ತಿರ ಬಂದೆ. "ಹಿ ನೆವರ್ ಸೆಡ್ ಸಾರಿ, ಆಂಟಿ. ಒಂದೇ ಒಂದ್ಸಲ ಅಂದಿದ್ರೆ ಸಾಕಿತ್ತು. ಐ ವೇಯ್ಟೆಡ್." ನಾನು ಆಗಲೂ ಬೆನ್ನು ಸವರಿದೆ, ಅಂಜು.

ನೀನಿನ್ನೂ ಆ ಮನೆ ಖಾಲಿ ಮಾಡುತ್ತ ವುಡ್‌ಬ್ರಿಡ್ಜಿನಲ್ಲೇ ಇದ್ದೀಯ. ನಾಳೆ ಬೆಳಿಗ್ಗೆ ಬರುತ್ತೇನೆ, ಕವಿತಾಗೆ ಎಲ್ಲ ಹೇಳಿಯೇ ಬರುತ್ತೇನೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಇದನ್ನೆಲ್ಲ ಹೇಳಿ ಹೋಗುತ್ತೇನೆ. ನೀನು ಕಾದ ಮಾತು ನಿಮ್ಮಪ್ಪನ ಬಾಯಿಗೆ ಬಂದಿತ್ತು. ಫೋನು ಕೈಯಲ್ಲಿತ್ತು. ನಾನು ಊಟ ಬಡಿಸಿದೆ.