ತಮ್ಮನ ಊರಿನ ಗಾಳಿ

ಕಳೆದ ವಾರ ಮೆಲ್ಕಾರಿನಲ್ಲಿ ಬಸ್ಸಿಳಿದು ಕಟ್ಟಿದ ಬೀಡಿ ಕೊಂಡುಕೊಳ್ಳುವ ಬ್ರಾಂಚಿನ ಎದುರು ದಾಟುವಾಗ ನೆನೆಸಿದ ಎಲೆ, ಹೊಗೆಸೊಪ್ಪು ಎರಡರ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿಯಿತು. ನಮ್ಮ ಪಕ್ಕದ ಮನೆಯ ಅಕ್ಕನ ಸೀರೆಗೆ, ಕೈಗೆ, ಅವರು ಕೊಡುತ್ತಿದ್ದ ಚಹಾದ ಲೋಟಕ್ಕೂ ಇದೇ ವಾಸನೆಯಿತ್ತು...

ಬೀಡಿ ಕಟ್ಟುವಾಗ ಅಕ್ಕ ಫ್ಯಾನ್ ಹಾಕುತ್ತಿರಲಿಲ್ಲ. ಹೊಗೆಸೊಪ್ಪಿನ ಹುಡಿ ಹಾರುತ್ತದಲ್ಲ. ಏಪ್ರಿಲಿನ ಸೆಖೆಯಲ್ಲಿ ಬೆವರು ಸುರಿಸುತ್ತ, ಎಲೆ, ಹುಡಿ ಹರಡಿದ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು, ಮೊಬೈಲನ್ನು ಗೋಡೆಗೆ ಒರಗಿಸಿ ದುಬೈಯ ಗಾಳಿ ನೋಡುತ್ತಿದ್ದರು. ಕಡಲ ಬದಿಯ ರಸ್ತೆಯೊಂದನ್ನು ಇಂಟರ್ನೆಟ್ಟಿನಲ್ಲಿ ದಿನವಿಡೀ ನೇರಪ್ರಸಾರ ಮಾಡುವ ಕ್ಯಾಮರಾ ಅದು. ಒಂದು ಸಾಲು ಖರ್ಜೂರದ ಮರ, ಒಂದು ಬಾವುಟ, ಅಷ್ಟೇ. ಧಾರಾವಾಹಿಗೆ ಅಂಟಿಕೊಂಡವರನ್ನು ಕಂಡಿದ್ದೆ, ಬಾವುಟಕ್ಕೆ ಅಂಟಿಕೊಂಡವರನ್ನು ಕಂಡದ್ದು ಅದೇ ಮೊದಲು.

ಅವರ ತಮ್ಮ ಅಲ್ಲಿ ಟವರ್ ಕ್ರೇನ್ ನಡೆಸುತ್ತಿದ್ದ. ಅಷ್ಟೆತ್ತರದ ಡಬ್ಬಿಯೊಳಗೆ ಕೂತು ಮಾಡುವ ಕೆಲಸ ಎಂದು ತಿಳಿದಂದಿನಿಂದ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ. ಗಾಳಿ ಜೋರಾದರೆ ಕ್ರೇನ್ ನಿಲ್ಲಿಸುತ್ತಾರೆ ಎಂದು ಸಮಾಧಾನ ಹೇಳಿ ಅವನೇ ಆ ಕ್ಯಾಮರಾದ ಲಿಂಕ್ ಕಳಿಸಿದ್ದ. ಆಮೇಲೆ ಬಾವುಟ ಪಟಪಟಿಸಿದರೆ ಸಾಕು, ಅಕ್ಕನ ಮುಖ ಅರಳುತ್ತಿತ್ತು.

"ಟೀಚರೇ, ಇವತ್ತು ಒಳ್ಳೆ ಗಾಳಿ ಉಂಟು. ಅವ ರೂಮಲ್ಲಿ ಬಿದ್ದುಕೊಂಡಿರ್ತಾನೆ, ಉದಾಸೀನದವ!"

ಬಾವುಟ ಜೋತುಬಿದ್ದ ದಿನ ಮಾತ್ರ ಅವರನ್ನು ಮಾತಾಡಿಸಿ ಪ್ರಯೋಜನವಿರಲಿಲ್ಲ.

ಒಂದು ದಿನ ಅಲ್ಲಿ ಮರಗಳು ಬಾಗುವಷ್ಟು ಗಾಳಿ. ಅಕ್ಕ ಹೊಟ್ಟೆ ತುಂಬ ಉಂಡು, ನನಗೂ ಬಂಗುಡೆ ಸಾರು ಕೊಟ್ಟು, ಸಂಜೆ ಹೊಸ್ತಿಲಲ್ಲಿ ಕೂತು ನಗುತ್ತಿದ್ದಾಗ ಫೋನ್ ಬಂತು. ತಮ್ಮನ ಜತೆ ಕೆಲಸ ಮಾಡುವವನದು. ಕ್ರೇನ್ ಮುರಿದು ಬಿದ್ದಿದೆ, ತಮ್ಮ ಉಳಿಯಲಿಲ್ಲ...

"ಸುಳ್ಳು! ಅಲ್ಲಿ ಗಾಳಿ ಉಂಟು, ನಾನು ನೋಡ್ತಾ ಇದ್ದೇನೆ," ಎಂದು ಅಕ್ಕ ಅವನೊಡನೆ ಜಗಳಕ್ಕೇ ನಿಂತರು. ಫೋನನ್ನು ನಾನು ತೆಗೆದುಕೊಂಡೆ. ತಮ್ಮನನ್ನು ದುಬೈಯಿಂದ ದೂರದ ಬೇರೊಂದು ಊರಿನ ಕೆಲಸಕ್ಕೆ ಹಾಕಿ ತಿಂಗಳುಗಳೇ ಆಗಿದ್ದವಂತೆ. ಕ್ಯಾಮರಾ ನೋಡಿಕೊಂಡು ನೆಮ್ಮದಿಯಿಂದಿರುವ ಅಕ್ಕನಿಗೆ ತಿಳಿಸುವುದು ಬೇಡ ಎಂದಿದ್ದನಂತೆ. ಆ ಊರಿನಲ್ಲಿ ಅಂದು ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ, ಕ್ರೇನ್ ನಿಲ್ಲಿಸಿರಲಿಲ್ಲ.

ಮತ್ತೆ ಅಕ್ಕ ಬೇಡಿದ್ದು ಒಂದೇ. "ಆ ಊರಿಂದು ತೆಗ್ದು ಕೊಡಿ ಟೀಚರೇ. ಒಮ್ಮೆ ನೋಡ್ತೇನೆ." ನಾನು ಹುಡುಕಿದ್ದೇ ಹುಡುಕಿದ್ದು. ಅಲ್ಲಿ ಕ್ಯಾಮರಾವೇ ಇರಲಿಲ್ಲ. ದಿನಾ ಸಂಜೆ ಗೇಟಿನ ಬಳಿ ನಿಂತು "ಸಿಕ್ಕಿತಾ?" ಎನ್ನುತ್ತಿದ್ದರು. ಇಲ್ಲವೆಂದರೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಹಾಗೆಯೇ ಸೊರಗುತ್ತ ಸೊರಗುತ್ತ ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ಅಂದು ದೇವರ ಮೇಲೆ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಕಳೆದ ವಾರ ಮೆಲ್ಕಾರಿನಿಂದ ಮನೆಗೆ ಬಂದವಳೇ, ಏನೋ ತೋಚಿ, ಮೊಬೈಲಿನಲ್ಲಿ ಆ ಊರಿನ ಹೆಸರು ಒತ್ತಿದೆ. ಈಗ ಅಲ್ಲಿಗೂ ಕ್ಯಾಮರಾ ಬಂದಿದೆ. ಒಂದು ಸರ್ಕಲ್, ಒಂದು ಬೇಲಿ, ರಸ್ತೆ ಕಾಣದಷ್ಟು ಧೂಳು... ಗಾಳಿ ಬೀಸುತ್ತಲೇ ಇತ್ತು. ಗೊತ್ತಿದ್ದೂ ಗೊತ್ತಿದ್ದೂ ಮೊಬೈಲ್ ಹಿಡಿದು ಗೇಟಿನವರೆಗೆ ಓಡಿದೆ. ಪಕ್ಕದ ಮನೆಯಲ್ಲಿ ಈಗ ಬೇರೆ ಬಾಡಿಗೆಯವರಿದ್ದಾರೆ. ಏನು ಬೇಕಿತ್ತು ಎಂದು ಕೇಳಿದರು.